ಗದ್ದೆಯಲ್ಲಿ ಭತ್ತ, ಪರದೆಯಲ್ಲೂ ಭತ್ತ: ಏಣೇಲಿನಿಂದ ಕಣಜದವರೆಗೆ ಫೋನ್ ಬಳಸುವ ಕ್ರಮ

ಮಜಲಿನ (ನಡು ಎತ್ತರದ) ಮೂವತ್ತು ಸೆಂಟ್ಸ್ ಗದ್ದೆಯಲ್ಲಿ ಪೈರು ಎದೆಯುದ್ದ ಬಂದಿದೆ. ಬೆಳೆ ಸಮೀಕ್ಷೆಯಲ್ಲಿ ಮಾತ್ರ ಆ ಹಿಸ್ಸಾದ (ಸರ್ವೆ ನಂಬರಿನ ಉಪಭಾಗದ) ಎದುರು ‘ಅಡಿಕೆ’ ಎಂದು ಬಿದ್ದಿದೆ. ಅಲ್ಲಿಂದ ಮುಂದೆ ಆ ಭತ್ತಕ್ಕೆ ವಿಮೆ ಸಿಗುವುದು ಕಷ್ಟ, ನೆರೆ ನುಗ್ಗಿದರೆ ಪರಿಹಾರ ಕಷ್ಟ, ಬೆಂಬಲ ಬೆಲೆಯ ಕೇಂದ್ರದಲ್ಲಿ ನೋಂದಣಿಯೂ ಕಷ್ಟ. ತೆನೆ ಕಿತ್ತು ತಂದು ಮೇಜಿನ ಮೇಲಿಟ್ಟರೂ ಎದುರು ಕೂತವರು ನೋಡುವುದು ಪರದೆಯನ್ನೇ. ಉಡುಪಿ, ದಕ್ಷಿಣ ಕನ್ನಡದ ಸಣ್ಣ ಹಿಡುವಳಿಯಲ್ಲಿ ಕಂಪ್ಯೂಟರಿನಿಂದ ಆಗುವ ಲಾಭವೂ ನಷ್ಟವೂ ಹೆಚ್ಚಾಗಿ ಹೀಗೆ ದಾಖಲೆಯಲ್ಲೇ ಇರುತ್ತದೆ. ಗದ್ದೆಗೆ ಹಾಕುವ ಸೆನ್ಸರು, ಮೇಲೆ ಹಾರುವ ಡ್ರೋನು ಆಮೇಲಿನ ಮಾತು.

ಈ ಬರಹ ಮೇ ತಿಂಗಳಿನಿಂದ ಮುಂದಿನ ಮಳೆಗಾಲದವರೆಗೆ ಯಾವ ಹೊತ್ತಿಗೆ ಯಾವ ಕೆಲಸ ಎಂದು ಹೇಳುತ್ತದೆ. ಏಣೇಲು, ಅಂದರೆ ಮುಂಗಾರಿನ ಭತ್ತದ ಬೆಳೆಯನ್ನು ಹಿಡಿದುಕೊಂಡು ಬರೆದದ್ದು. ಬೈಲಿನಲ್ಲಿ (ತಗ್ಗಿನ ಗದ್ದೆಯಲ್ಲಿ) ಸುಗ್ಗಿ ಎಂಬ ಎರಡನೇ ಬೆಳೆ, ಕೊಳಕೆ ಎಂಬ ಬೇಸಿಗೆ ಬೆಳೆ ಮಾಡುವವರು ಸಮೀಕ್ಷೆಯ ಭಾಗವನ್ನು ಪ್ರತಿ ಬೆಳೆಗೂ ಮತ್ತೆ ಮಾಡಬೇಕು. ಒಮ್ಮೆ ದಾಖಲಿಸಿದರೆ ವರ್ಷಪೂರ್ತಿ ನಡೆಯುತ್ತದೆ ಎಂಬುದು ತಪ್ಪು ತಿಳಿವಳಿಕೆ.

ಮೇ: ಎಫ್‌ಐಡಿ ಮತ್ತು ಪಹಣಿ

ಎಫ್‌ಐಡಿ ಎಂದರೆ ‘ಫ್ರೂಟ್ಸ್’ ತಂತ್ರಾಂಶದಲ್ಲಿ ರೈತರಿಗೆ ಕೊಡುವ ಗುರುತಿನ ಸಂಖ್ಯೆ. ಬೀಜದ ಸಹಾಯಧನ, ಯಂತ್ರದ ಸಹಾಯಧನ, ವಿಮೆ, ಪರಿಹಾರ, ಬೆಂಬಲ ಬೆಲೆ ಎಲ್ಲಕ್ಕೂ ಇದೇ ಬೇರು. ಸಂಖ್ಯೆ ಈಗ ಬಹುತೇಕರಲ್ಲಿ ಇದೆ. ತೊಡಕು ಅದರ ಒಳಗೆ: ಮೂರು ಸರ್ವೆ ನಂಬರ್ ಇರುವವರ ಎಫ್‌ಐಡಿಗೆ ಒಂದೇ ಸೇರಿರುತ್ತದೆ. ಪೋಡಿ (ಜಾಗದ ವಿಭಜನೆ) ಆಗಿ ಹೊಸ ಹಿಸ್ಸಾ ಬಂದಿದ್ದರೆ ಹಳೆಯ ಹಿಸ್ಸಾವೇ ಉಳಿದಿರುತ್ತದೆ. ಸೇರದೆ ಉಳಿದ ಜಾಗದಲ್ಲಿ ಎಷ್ಟು ಬೆಳೆದರೂ ತಂತ್ರಾಂಶದ ಪಾಲಿಗೆ ಅದು ನಿಮ್ಮದಲ್ಲ.

ಹೋಬಳಿಯ ರೈತ ಸಂಪರ್ಕ ಕೇಂದ್ರಕ್ಕೆ ಹೋಗುವಾಗ ಎಲ್ಲ ಸರ್ವೆ ನಂಬರುಗಳ ಪಹಣಿ, ಆಧಾರ್, ಬ್ಯಾಂಕ್ ಪಾಸ್‌ಬುಕ್, ಒಂದು ಫೋಟೊ ಹಿಡಿದುಕೊಳ್ಳಿ. ಆಧಾರ್‌ಗೆ ಜೋಡಿಸಿದ ಮೊಬೈಲ್ ಕೈಯಲ್ಲೇ ಇರಲಿ, ಒಟಿಪಿ ಅದಕ್ಕೇ ಬರುವುದು. ಪರಿಶಿಷ್ಟ ಜಾತಿ, ಪಂಗಡದವರು ಜಾತಿ ಪ್ರಮಾಣಪತ್ರದ ಆರ್‌ಡಿ ಸಂಖ್ಯೆಯನ್ನೂ ಒಯ್ಯಬೇಕು. ಅಲ್ಲಿ ‘ನನ್ನ ಎಫ್‌ಐಡಿ ಇದೆಯಾ’ ಎಂದು ಕೇಳಬೇಡಿ, ಇದೆ ಎನ್ನುತ್ತಾರೆ, ಮಾತು ಮುಗಿಯುತ್ತದೆ. ಎಫ್‌ಐಡಿಯ ಅಡಿಯಲ್ಲಿರುವ ಜಾಗದ ಪಟ್ಟಿ ತೋರಿಸಲು ಹೇಳಿ, ಒಂದೊಂದೇ ಪಹಣಿಗೆ ತಾಳೆ ನೋಡಿ.

ಅಳತೆಯಲ್ಲಿ ಒಂದು ಗೊಂದಲ ಇದ್ದೇ ಇದೆ. ನಮ್ಮಲ್ಲಿ ಲೆಕ್ಕ ಸೆಂಟ್ಸ್‌ನಲ್ಲಿ. ರಾಜ್ಯದ ಉಳಿದ ಕಡೆಗೆಂದು ಮಾಡಿದ ಅರ್ಜಿ, ಆ್ಯಪ್‌ಗಳು ಗುಂಟೆಯನ್ನೋ ಹೆಕ್ಟೇರನ್ನೋ ಕೇಳುತ್ತವೆ. ಒಂದು ಎಕರೆಗೆ 100 ಸೆಂಟ್ಸ್, ಅದೇ ಎಕರೆಗೆ 40 ಗುಂಟೆ. ಅಂದರೆ ಒಂದು ಗುಂಟೆಗೆ ಎರಡೂವರೆ ಸೆಂಟ್ಸ್, ಒಂದು ಹೆಕ್ಟೇರಿಗೆ 2.47 ಎಕರೆ. 30 ಸೆಂಟ್ಸ್ ಇದ್ದಲ್ಲಿ 30 ಗುಂಟೆ ಎಂದು ಬರೆದರೆ ಎರಡೂವರೆ ಪಟ್ಟು ಜಾಗ ತೋರಿಸಿದಂತಾಗಿ ಅರ್ಜಿ ಸಿಕ್ಕಿಹಾಕಿಕೊಳ್ಳುತ್ತದೆ.

ಹೆಸರಿನ ವಿಷಯ ಇದಕ್ಕಿಂತ ಗಂಟಲು ಹಿಡಿಯುವಂಥದ್ದು. ಆಧಾರ್‌ನಲ್ಲಿ ಮನೆತನದ ಹೆಸರು ಇದ್ದು ಪಹಣಿಯಲ್ಲಿ ಇಲ್ಲದಿರುವುದು, ತಾಯಿಯ ಕಡೆಯಿಂದ ಆಸ್ತಿ ಬರುವ ಅಳಿಯಕಟ್ಟಿನ ಮನೆಗಳಲ್ಲಿ ಒಂದು ದಾಖಲೆಯಲ್ಲಿ ತಾಯಿಯ ಹೆಸರು, ಇನ್ನೊಂದರಲ್ಲಿ ತಂದೆಯ ಹೆಸರು ಇರುವುದು, ತೀರಿಹೋದ ಅಜ್ಜಿಯ ಹೆಸರಿನಲ್ಲೇ ಪಹಣಿ ಉಳಿದಿರುವುದು ಇಲ್ಲಿ ಮಾಮೂಲು. ಕೊನೆಯದಕ್ಕೆ ಪೌತಿ ಖಾತೆ (ವಾರಸುದಾರರ ಹೆಸರಿಗೆ ಖಾತೆ ಬದಲಾವಣೆ) ಮಾಡಿಸದೆ ದಾರಿ ಇಲ್ಲ. ನಾಡಕಚೇರಿಯಲ್ಲಿ ಮರಣ ಪ್ರಮಾಣಪತ್ರ, ವಂಶವೃಕ್ಷದ ಜೊತೆ ಅರ್ಜಿ ಕೊಡಬೇಕು. ತಿಂಗಳುಗಳೇ ಹಿಡಿಯುವ ಕೆಲಸ, ಆದ್ದರಿಂದ ಮಳೆಗೆ ಮುಂಚೆ ಶುರು ಮಾಡಿ.

ಹಡಿಲು (ಪಾಳು) ಬಿದ್ದ ಬೇರೆಯವರ ಗದ್ದೆ ಮಾಡುವವರು ಈಗ ಹೆಚ್ಚಿದ್ದಾರೆ. 2021ರಲ್ಲಿ ಉಡುಪಿಯ ಕೇದಾರೋತ್ಥಾನ ಟ್ರಸ್ಟ್ ಹಡಿಲು ಗದ್ದೆಗಳಲ್ಲಿ ನಾಟಿ ಮಾಡಿಸಿದ ಮೇಲೆ ಬೇರೆ ಊರುಗಳಲ್ಲೂ ಉತ್ಸಾಹ ಬಂತು. ಆದರೆ ಪಹಣಿ, ಎಫ್‌ಐಡಿ ಮಾಲೀಕರವು, ಹಣ ಬೀಳುವುದೂ ಅವರ ಖಾತೆಗೆ. ಮುಂಬೈಯಲ್ಲೋ ದುಬೈಯಲ್ಲೋ ಇರುವ ಮಾಲೀಕರಿಗೆ ಒಟಿಪಿಗಾಗಿ ನಡುರಾತ್ರಿ ಫೋನ್ ಮಾಡುವ ಪಾಡು ಬೇಡವೆಂದಾದರೆ, ಯಾವ ಕಂತು ಯಾರಿಗೆ ಎಂದು ನಾಟಿಗೆ ಮುಂಚೆಯೇ ಮಾತು ಮುಗಿಸಿಕೊಳ್ಳಿ.

ಬ್ಯಾಂಕಿನ ಬಗ್ಗೆ ಒಂದೇ ಮಾತು. ನೇರ ವರ್ಗಾವಣೆಯ ಹಣ ಅರ್ಜಿಯಲ್ಲಿ ಬರೆದ ಖಾತೆಗೇ ಬರುತ್ತದೆ ಎಂದಿಲ್ಲ. ಆಧಾರ್ ಯಾವ ಬ್ಯಾಂಕಿಗೆ ಕೊನೆಯದಾಗಿ ಜೋಡಣೆಯಾಗಿದೆಯೋ ಅಲ್ಲಿಗೆ ಹೋಗುತ್ತದೆ. ‘ಹಣ ಬಂದಿಲ್ಲ’ ಎಂದು ಓಡಾಡಿದ ಎಷ್ಟೋ ಜನರ ಹಣ, ಮಕ್ಕಳ ಸ್ಕಾಲರ್‌ಶಿಪ್‌ಗೆಂದು ತೆರೆದು ಮರೆತ ಖಾತೆಯಲ್ಲಿ ಕೂತಿರುತ್ತದೆ.

ಮಳೆಯ ಅಂಕಿ ಓದುವುದು

‘ಮೇಘದೂತ್’ ಆ್ಯಪ್ 2019ರಲ್ಲಿ ಬಂದದ್ದು. ಹವಾಮಾನ ಇಲಾಖೆ, ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆ, ಭಾರತೀಯ ಕೃಷಿ ಸಂಶೋಧನಾ ಪರಿಷತ್ತು ಸೇರಿ ಮಾಡಿದ್ದು. ಬೆಳೆ ಸಲಹೆ ವಾರಕ್ಕೆರಡು ಸಲ, ಮಂಗಳವಾರ ಮತ್ತು ಶುಕ್ರವಾರ ಬದಲಾಗುತ್ತದೆ. ಅದರ ಜೊತೆಗೆ ಸಿಡಿಲಿಗೆ ‘ದಾಮಿನಿ’ ಇಟ್ಟುಕೊಳ್ಳಿ. ಅಕ್ಟೋಬರಿನ ಸಂಜೆ ಗದ್ದೆಯಲ್ಲಿ ಇರುವವರಿಗೆ ಇದು ಮೇಘದೂತ್‌ಗಿಂತ ಮುಖ್ಯ.

ಪತ್ರಿಕೆಯಲ್ಲಿ ಬರುವ ಹಳದಿ, ಕಿತ್ತಳೆ, ಕೆಂಪು ಎಂಬ ಬಣ್ಣಗಳ ಹಿಂದೆ ಮಿಲಿಮೀಟರ್ ಇದೆ. 24 ಗಂಟೆಯಲ್ಲಿ 64.5ರಿಂದ 115.5 ಮಿ.ಮೀ. ಬಿದ್ದರೆ ಭಾರಿ ಮಳೆ, 115.6ರಿಂದ 204.4ರವರೆಗೆ ಅತಿ ಭಾರಿ, ಅದಕ್ಕೂ ಮೇಲೆ ಅತ್ಯಂತ ಭಾರಿ. ಬಣ್ಣಗಳು ಹೆಚ್ಚುಕಡಿಮೆ ಇದನ್ನೇ ಅನುಸರಿಸುತ್ತವೆ. ಒಂದು ಎಕರೆಯ ಮೇಲೆ 100 ಮಿ.ಮೀ. ಮಳೆ ಎಂದರೆ ಸುಮಾರು 4 ಲಕ್ಷ ಲೀಟರ್ ನೀರು. ಮೇಲಿನ ಗದ್ದೆಯವರ ನೀರೂ ನಿಮ್ಮದರ ಮೇಲೆಯೇ ಇಳಿಯುವುದಾದರೆ ಅದರ ಎರಡು, ಮೂರು ಪಟ್ಟು. ಹೊಸದಾಗಿ ನೆಟ್ಟ ಬೈಲಿನ ಗದ್ದೆಯ ಹುಣಿಯಲ್ಲಿ (ಬದುವಿನಲ್ಲಿ) ಕಿತ್ತಳೆ ಎಚ್ಚರಿಕೆಯ ಹಿಂದಿನ ಸಂಜೆಯೇ ನೀರು ಹೋಗುವ ದಾರಿ ಬಿಡಿಸುವುದು ಇದಕ್ಕಾಗಿ. ಬೆಳಿಗ್ಗೆ ನೋಡಿದರಾಯಿತು ಎಂದರೆ ನೇಜಿ (ನೆಟ್ಟ ಸಸಿ) ತೇಲುತ್ತಿರುತ್ತದೆ.

ಬಣ್ಣದ ಎಚ್ಚರಿಕೆ ಇಡೀ ಜಿಲ್ಲೆಗೆ ಒಂದು. ಕಡಲ ದಡದ ಮಲ್ಪೆಯಲ್ಲಿ ಬಿಸಿಲಿದ್ದಾಗ ಘಟ್ಟದ ಬುಡದ ಹೆಬ್ರಿಯಲ್ಲಿ ಹೊಳೆ ಕಟ್ಟೆ ಮೀರುವುದು ಇಲ್ಲಿ ಹೊಸತಲ್ಲ. ಹಾಗಾಗಿ ನಿನ್ನೆ ಬಿದ್ದ ಮಳೆಗೆ ನಿಮ್ಮ ಗ್ರಾಮ ಪಂಚಾಯಿತಿಯ ಅಂಕಿಯನ್ನೇ ನೋಡಿ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಪಂಚಾಯಿತಿ ಮಟ್ಟದಲ್ಲಿ ತಾನಾಗಿ ಅಂಕಿ ಕಳಿಸುವ ಮಳೆಮಾಪಕಗಳನ್ನು ಹಾಕಿದೆ. ನೆರೆಗೆ ಪರಿಹಾರ ಕೇಳುವಾಗ ಆ ದಿನದ ಈ ಅಂಕಿ ಉಪಯೋಗಕ್ಕೆ ಬರುತ್ತದೆ, ಬರೆದಿಟ್ಟುಕೊಳ್ಳಿ.

ಯೂರಿಯಾ ಮೇಲುಗೊಬ್ಬರಕ್ಕೆ ನಿಯಮ ಸರಳ: ಮುಂದಿನ ಎರಡು ದಿನ ಗದ್ದೆ ತುಂಬಿ ಹರಿಯುವ ಮಳೆ ಇದೆ ಎಂದಾದರೆ ಚೀಲ ಬಿಚ್ಚಬೇಡಿ. ಮಣ್ಣು ಪರೀಕ್ಷೆಯ ಚೀಟಿಯಲ್ಲಿ ಬರೆಯುವುದು ಪೋಷಕಾಂಶದ ಕಿಲೋ, ಅಂಗಡಿಯಲ್ಲಿ ಸಿಗುವುದು ಗೊಬ್ಬರದ ಕಿಲೋ. ಯೂರಿಯಾದಲ್ಲಿ ಸಾರಜನಕ ಶೇ. 46, ಪೊಟ್ಯಾಷ್‌ ಗೊಬ್ಬರದಲ್ಲಿ ಪೊಟ್ಯಾಷ್ ಶೇ. 60. ಎಕರೆಗೆ 23 ಕೆ.ಜಿ. ಸಾರಜನಕ ಎಂದು ಚೀಟಿಯಲ್ಲಿದ್ದರೆ 23ನ್ನು 0.46ರಿಂದ ಭಾಗಿಸಿ: 50 ಕೆ.ಜಿ. ಯೂರಿಯಾ. ಈಗಿನ ಯೂರಿಯಾ ಚೀಲ 45 ಕೆ.ಜಿ.ಯದ್ದು ಎಂಬುದು ನೆನಪಿರಲಿ. ಡಿಎಪಿಯನ್ನೂ ಹಾಕುವುದಾದರೆ ಅದರಲ್ಲಿ ಶೇ. 18 ಸಾರಜನಕ ಇದೆ, ಅಷ್ಟನ್ನು ಯೂರಿಯಾದಿಂದ ಕಳೆಯಿರಿ.

ಬೆಳೆ ಸಮೀಕ್ಷೆ: ಇಲ್ಲಿ ಅವಸರ ಬೇಡ

2020ರಿಂದ ರೈತರೇ ತಮ್ಮ ಬೆಳೆಯನ್ನು ಆ್ಯಪ್‌ನಲ್ಲಿ ದಾಖಲಿಸುವ ವ್ಯವಸ್ಥೆ ಇದೆ. ರೈತರು ಮಾಡದಿದ್ದರೆ ಊರಿನ ಖಾಸಗಿ ನಿವಾಸಿ ಎಂದು ನೇಮಿಸಿದವರು ಬಂದು ಮಾಡುತ್ತಾರೆ. ಅವರಿಗೆ ಮುಗಿಸಬೇಕಾದ ತಾಕುಗಳು ನೂರಾರು. ಮಳೆಯಲ್ಲಿ ಬೈಲಿಗೆ ಇಳಿಯದೆ ರಸ್ತೆ ಬದಿಯ ತೋಟದಿಂದಲೇ ಫೋಟೊ ಹೊಡೆದರೆ ‘ಅಡಿಕೆ’ ಬೀಳುವುದು ಹೀಗೆ. ನಿಮ್ಮ ಗದ್ದೆಯನ್ನು ನೀವೇ ಮಾಡುವುದು ಒಳ್ಳೆಯದು.

1. ಪ್ಲೇ ಸ್ಟೋರ್‌ನಿಂದ ಆ ಹಂಗಾಮಿನದೇ ಆ್ಯಪ್ ಇಳಿಸಿ. ಮುಂಗಾರು, ಹಿಂಗಾರು, ಬೇಸಿಗೆಗೆ ಬೇರೆ ಬೇರೆ, ವರ್ಷವೂ ಹೆಸರಲ್ಲೇ ಇರುತ್ತದೆ. ಕಳೆದ ವರ್ಷದ್ದನ್ನು ತೆರೆದು ‘ಆಗುತ್ತಿಲ್ಲ’ ಎನ್ನುವವರು ಬಹಳ.

2. ಊರಿನ ನಕ್ಷೆಯನ್ನು ಮನೆಯಲ್ಲಿ, ನೆಟ್‌ವರ್ಕ್ ಇರುವಲ್ಲಿ ಇಳಿಸಿಕೊಳ್ಳಿ. ಬೈಲಿನಲ್ಲಿ ಸಿಗ್ನಲ್ ಸಿಗುವ ಭರವಸೆ ಇಲ್ಲ. ಫೋಟೊ ತೆಗೆದು ಉಳಿಸಿಕೊಂಡು ಮನೆಗೆ ಬಂದು ಕಳಿಸಬಹುದು.

3. ನಾಟಿಯಾಗಿ ಮೂರು ವಾರವಾದ ಮೇಲೆ ಹೋಗಿ. ಅದಕ್ಕೆ ಮುಂಚೆ ಫೋಟೊದಲ್ಲಿ ಕಾಣುವುದು ನೀರು ಮಾತ್ರ, ಪರಿಶೀಲಿಸುವವರಿಗೆ ಅದು ಬೀಳು ಭೂಮಿಯಂತೆ ತೋರುತ್ತದೆ. ತೀರಾ ತಡವಾದರೆ ಆ್ಯಪ್‌ನ ಕೊನೆಯ ದಿನ ಮೀರುತ್ತದೆ.

4. ಗದ್ದೆಯ ನಡುವೆ, ತೆರೆದ ಆಕಾಶದ ಕೆಳಗೆ ಎರಡು ಮೂರು ನಿಮಿಷ ಸುಮ್ಮನೆ ನಿಂತು ಜಿಪಿಎಸ್ ಸ್ಥಿರವಾಗಲು ಬಿಡಿ. ಆಮೇಲೆ ಸರ್ವೆ ನಂಬರ್, ಹಿಸ್ಸಾ ಆರಿಸಿ.

5. ಒಂದೇ ಹಿಸ್ಸಾದಲ್ಲಿ ಕೆಳಗೆ ಭತ್ತ, ಮೇಲೆ ಅಡಿಕೆ, ಹುಣಿಯಲ್ಲಿ ತೆಂಗು ಇದ್ದರೆ ಪ್ರತಿಯೊಂದಕ್ಕೂ ಪ್ರತ್ಯೇಕ ವಿಸ್ತೀರ್ಣ ಕೊಡಿ. ಕೂಡಿದರೆ ಪಹಣಿಯ ವಿಸ್ತೀರ್ಣವನ್ನು ಮೀರಬಾರದು. ಮನೆ, ಅಂಗಳ, ಬಾವಿಯ ಜಾಗವನ್ನು ಬೇಸಾಯವಲ್ಲದ್ದು ಎಂದು ತೋರಿಸಿ.

ನಾಲ್ಕನೆಯದರ ಬಗ್ಗೆ ಸ್ವಲ್ಪ ವಿವರ ಬೇಕು. ಸಾಮಾನ್ಯ ಫೋನಿನ ಜಿಪಿಎಸ್ ತೆರೆದ ಜಾಗದಲ್ಲೇ ಐದಾರು ಮೀಟರ್ ತಪ್ಪಬಹುದು, ತೆಂಗು ಅಡಿಕೆಯ ನೆರಳಲ್ಲಿ ಹತ್ತು ಮೀಟರ್ ದಾಟಬಹುದು. ಬಯಲುಸೀಮೆಯ ಐದೆಕರೆಯ ಹೊಲದಲ್ಲಿ ಇದು ಲೆಕ್ಕಕ್ಕಿಲ್ಲ. ಇಲ್ಲಿ ಹತ್ತು ಸೆಂಟ್ಸ್ ಗದ್ದೆ ಎಂದರೆ ಸುಮಾರು 405 ಚದರ ಮೀಟರ್, ಚೌಕವಾಗಿದ್ದರೆ ಒಂದೊಂದು ಬದಿ ಇಪ್ಪತ್ತೇ ಮೀಟರ್. ಅಂಚಿನಲ್ಲಿ ನಿಂತರೆ ನೀವು ಪಕ್ಕದವರ ಜಾಗದಲ್ಲಿದ್ದೀರಿ ಎಂದು ಆ್ಯಪ್ ಹೇಳುತ್ತದೆ, ಇಲ್ಲವೇ ಹೇಳದೆ ಅವರದಕ್ಕೇ ನಿಮ್ಮ ಬೆಳೆ ಬರೆದುಬಿಡುತ್ತದೆ. ‘ಸರ್ವೆ ನಂಬರಿನ ಗಡಿಯ ಹೊರಗಿದ್ದೀರಿ’ ಎಂದು ಬಂದರೆ ನಡುವಿಗೆ ಬಂದು, ಸ್ಥಳದ ಅನುಮತಿಯಲ್ಲಿ ‘ನಿಖರ’ ಎಂಬುದು ಆನ್ ಇದೆಯೇ ನೋಡಿ, ಆ್ಯಪ್ ಮುಚ್ಚಿ ತೆರೆಯಿರಿ. ಬ್ಯಾಟರಿ ಉಳಿಸುವ ವ್ಯವಸ್ಥೆ ಆನ್ ಇದ್ದರೂ ಜಿಪಿಎಸ್ ಸೋಮಾರಿಯಾಗುತ್ತದೆ.

ಕಳಿಸಿದ ಮೇಲೂ ಕೆಲಸ ಮುಗಿದಿಲ್ಲ. ‘ಬೆಳೆ ದರ್ಶಕ’ ಆ್ಯಪ್‌ನಲ್ಲಿ ನಿಮ್ಮ ಸರ್ವೆ ನಂಬರ್ ಹಾಕಿದರೆ ಏನು ದಾಖಲಾಗಿದೆ, ಯಾವ ಫೋಟೊ, ಯಾರು ತೆಗೆದದ್ದು ಎಲ್ಲವೂ ಕಾಣುತ್ತದೆ. ತಪ್ಪಿದ್ದರೆ ಆಕ್ಷೇಪಣೆ ಹಾಕುವುದೂ ಅಲ್ಲೇ. ಅವಧಿ ಮುಗಿದ ಮೇಲೆ ಗ್ರಾಮ ಆಡಳಿತ ಅಧಿಕಾರಿಯಿಂದ ತಹಶೀಲ್ದಾರರವರೆಗೆ ತಿರುಗಬೇಕಾದೀತು. ಪರದೆಯ ಚಿತ್ರ ತೆಗೆದು ಇಟ್ಟುಕೊಳ್ಳುವುದು ಒಂದು ನಿಮಿಷದ ಕೆಲಸ.

ವಿಮೆ

ಫಸಲ್ ಬಿಮಾ ಯೋಜನೆಯಲ್ಲಿ ಮುಂಗಾರಿನ ಆಹಾರ ಬೆಳೆಗೆ ರೈತರ ಪಾಲು ವಿಮಾ ಮೊತ್ತದ ಶೇ. 2, ಹಿಂಗಾರಿಗೆ ಶೇ. 1.5. ಕರ್ನಾಟಕದಲ್ಲಿ ನೋಂದಣಿ ‘ಸಂರಕ್ಷಣೆ’ ಪೋರ್ಟಲಿನ ಮೂಲಕ. ಸಹಕಾರಿ ಸಂಘದಲ್ಲಿ ಬೆಳೆಸಾಲ ಇದ್ದವರ ಕಂತನ್ನು ಅಲ್ಲಿಯೇ ಕಡಿದುಕೊಳ್ಳುತ್ತಾರೆ. ಬೇಡವಾದರೆ ಕೊನೆಯ ದಿನಕ್ಕೆ ಏಳು ದಿನ ಮುಂಚೆ ಬರೆದುಕೊಡಬೇಕು. ಅಡಿಕೆ, ಕಾಳುಮೆಣಸಿನ ವಿಮೆ ಹವಾಮಾನ ಆಧಾರಿತವಾದದ್ದು, ಯೋಜನೆಯೇ ಬೇರೆ. ‘ಕಂತು ಕಟ್ಟಿದ್ದೇನೆ’ ಎನ್ನುವವರ ರಸೀದಿ ನೋಡಿದರೆ ಕೆಲವೊಮ್ಮೆ ಅದು ಅಡಿಕೆಯದ್ದಾಗಿರುತ್ತದೆ.

ರಸೀದಿಯಲ್ಲಿ ನೋಡಬೇಕಾದ್ದು ಮೂರು: ಬೆಳೆಯ ಹೆಸರು, ಸರ್ವೆ ನಂಬರ್, ವಿಸ್ತೀರ್ಣ. ಸಮೀಕ್ಷೆಯ ಬೆಳೆಯೂ ವಿಮೆಯ ಬೆಳೆಯೂ ಬೇರೆಯಾದರೆ ಪರಿಹಾರ ತಿರಸ್ಕಾರವಾಗುತ್ತದೆ.

ಪರಿಹಾರದ ಲೆಕ್ಕ ನಿಮ್ಮೊಬ್ಬರ ಗದ್ದೆಯದ್ದಲ್ಲ. ಗ್ರಾಮ ಪಂಚಾಯಿತಿಯಲ್ಲಿ ಆಯ್ದ ಕೆಲವು ತಾಕುಗಳಲ್ಲಿ 5 ಮೀಟರ್ ಉದ್ದ, 5 ಮೀಟರ್ ಅಗಲ ಕೊಯ್ದು ತೂಗಿ, ಇಡೀ ಪಂಚಾಯಿತಿಯ ಇಳುವರಿ ತೀರ್ಮಾನಿಸುತ್ತಾರೆ. ಇದನ್ನೇ ನೀವೂ ಮಾಡಿ ನೋಡಬಹುದು. ಆ 25 ಚದರ ಮೀಟರಿನಲ್ಲಿ ಬಂದ ಒಂದೊಂದು ಕೆ.ಜಿ.ಗೆ ಎಕರೆಗೆ ಸುಮಾರು 162 ಕೆ.ಜಿ. ಹತ್ತು ಕೆ.ಜಿ. ಬಂದರೆ ಎಕರೆಗೆ 16 ಕ್ವಿಂಟಲ್ ಆಸುಪಾಸು. ಗದ್ದೆಯ ಒಳ್ಳೆಯ ಮೂಲೆಯನ್ನೇ ಆರಿಸಬೇಡಿ, ನಿಮಗೆ ನೀವೇ ಮೋಸ ಮಾಡಿಕೊಂಡಂತೆ.

ಕೊಯ್ದು ಗದ್ದೆಯಲ್ಲಿ ಹರಡಿದ ಭತ್ತ 14 ದಿನದೊಳಗೆ ಅಕಾಲಿಕ ಮಳೆಗೆ ಹಾಳಾದರೆ ಅದಕ್ಕೆ ಪ್ರತ್ಯೇಕವಾಗಿ, ನಿಮ್ಮದೇ ಗದ್ದೆಯ ಲೆಕ್ಕದಲ್ಲಿ ಪರಿಹಾರ ಕೇಳಬಹುದು. 72 ಗಂಟೆಯೊಳಗೆ ದೂರು ದಾಖಲಾಗಬೇಕು. ಗದ್ದೆ ಮುಳುಗಿದ್ದಕ್ಕೆ ಈ ತರಹ ಒಂಟಿ ಗದ್ದೆಯ ಪರಿಹಾರವನ್ನು 2018ರಲ್ಲಿ ಭತ್ತಕ್ಕೆ ನಿಲ್ಲಿಸಿದ್ದರು. ಅದನ್ನು 2026ರ ಮುಂಗಾರಿನಿಂದ ಮತ್ತೆ ಸೇರಿಸುವುದಾಗಿ, ಕಾಡುಪ್ರಾಣಿ ಹಾವಳಿಯನ್ನೂ ಸೇರಿಸುವುದಾಗಿ ಕೇಂದ್ರ ಕೃಷಿ ಸಚಿವಾಲಯ 2025ರ ನವೆಂಬರಿನಲ್ಲಿ ಪ್ರಕಟಿಸಿತು. ನಿಮ್ಮ ಪಂಚಾಯಿತಿಗೆ ಯಾವುದೆಲ್ಲ ಅನ್ವಯ ಎಂಬುದಕ್ಕೆ ಆ ಹಂಗಾಮಿನ ರಾಜ್ಯ ಅಧಿಸೂಚನೆಯನ್ನೇ ಓದಬೇಕು. ದೂರಿಗೆ ಫೋಟೊ ತೆಗೆಯುವಾಗ ಸ್ಥಳದ ಗುರುತು ಆನ್ ಇರಲಿ, ನೀರಿನ ಮಟ್ಟ ಗೊತ್ತಾಗುವಂತೆ ಗುದ್ದಲಿಯನ್ನೋ ಕೋಲನ್ನೋ ನೆಟ್ಟು ತೆಗೆಯಿರಿ. ವಾಟ್ಸ್‌ಆ್ಯಪ್‌ನಲ್ಲಿ ಬಂದ ಫೋಟೊಗಳಲ್ಲಿ ಸ್ಥಳದ ಮಾಹಿತಿ ಉಳಿಯುವುದಿಲ್ಲ, ಮೂಲ ಫೋಟೊವನ್ನೇ ಕೊಡಿ.

ರೋಗ ಹೇಳುವ ಆ್ಯಪ್‌ಗಳು, ಡ್ರೋನು

ಎಲೆಯ ಫೋಟೊ ನೋಡಿ ರೋಗ ಹೇಳುವ ಆ್ಯಪ್‌ಗಳು ಬೆಂಕಿ ರೋಗವನ್ನು ಚೆನ್ನಾಗಿ ಗುರುತಿಸುತ್ತವೆ: ಎರಡೂ ತುದಿ ಚೂಪಾದ, ನಡುವೆ ಬೂದು ಬಣ್ಣದ ಮಚ್ಚೆ ಎದ್ದು ಕಾಣುವಂಥದ್ದು. ಎಲೆ ಸುರುಳಿ ಹುಳುವಿಗೂ ತೊಂದರೆ ಇಲ್ಲ. ಎಡವುವುದು ನಮ್ಮ ಜಂಬಿಟ್ಟಿಗೆ ಮಣ್ಣಿನ ಸಮಸ್ಯೆಯಲ್ಲಿ. ನೀರು ಬಸಿಯದ ಗದ್ದೆಯಲ್ಲಿ ಕಬ್ಬಿಣದ ಅಂಶ ಹೆಚ್ಚಾಗಿ ಕೆಳಗಿನ ಎಲೆಗಳ ತುದಿಯಿಂದ ಸಣ್ಣ ಕಂದು ಚುಕ್ಕೆ ಎದ್ದು ಎಲೆಯೇ ಕೆಂಪಗಾಗುತ್ತದೆ. ಆ್ಯಪ್ ಇದನ್ನು ‘ಕಂದು ಚುಕ್ಕೆ ರೋಗ’ ಎಂದು ಶಿಲೀಂಧ್ರನಾಶಕ ಬರೆದುಕೊಡುವುದುಂಟು. ಔಷಧ ಹೊಡೆದರೆ ದುಡ್ಡು ಹೋಗುತ್ತದೆ, ಕಂದು ಹೋಗುವುದಿಲ್ಲ. ನೀರು ಬಸಿದು ಗದ್ದೆ ಆರಿಸುವುದು, ಪೊಟ್ಯಾಷ್ ಕೊಡುವುದು, ಮುಂದಿನ ಬೆಳೆಗೆ ಮುಂಚೆ ಮಣ್ಣಿನ ಪರೀಕ್ಷೆಯಂತೆ ಸುಣ್ಣ ಹಾಕುವುದು ಅದರ ದಾರಿ. ಗುರುತಿಸುವ ಉಪಾಯ: ಕಬ್ಬಿಣದ್ದಾದರೆ ನೀರು ನಿಂತ ತಗ್ಗಿನ ಭಾಗದ ಬುಡಗಳೆಲ್ಲ ಒಟ್ಟಿಗೆ ಕೆಂಪಾಗಿರುತ್ತವೆ, ಬೇರು ತುಕ್ಕಿನ ಬಣ್ಣವಾಗಿರುತ್ತದೆ. ಅಲ್ಲಲ್ಲಿ ಚದುರಿದ್ದರೆ ರೋಗ.

ಎಲೆಯ ಅಂಚು ಅಲೆಅಲೆಯಾಗಿ ಒಣಗುತ್ತಿದ್ದರೆ ದುಂಡಾಣು ಅಂಗಮಾರಿ ಇರಬಹುದು. ಇದಕ್ಕೆ ಫೋಟೊಗಿಂತ ಗಾಜಿನ ಲೋಟ ನಂಬಿಕೆಯದ್ದು. ಹೊಸದಾಗಿ ಬಾಧಿಸಿದ ಎಲೆ ಕತ್ತರಿಸಿ ತಿಳಿನೀರಿನಲ್ಲಿ ಇಳಿಬಿಟ್ಟರೆ ಕೆಲವು ನಿಮಿಷದಲ್ಲಿ ಕತ್ತರಿಸಿದ ಕಡೆಯಿಂದ ಹಾಲಿನ ಎಳೆಯಂತೆ ಇಳಿಯುತ್ತದೆ. ಕಂಡರೆ ಯೂರಿಯಾ ನಿಲ್ಲಿಸಿ. ಸಂಶಯ ಬಂದಲ್ಲಿ ಬ್ರಹ್ಮಾವರದ ಕೃಷಿ ವಿಜ್ಞಾನ ಕೇಂದ್ರಕ್ಕೆ ಎಲೆಯನ್ನೇ ಒಯ್ಯಿರಿ, ಇಲ್ಲವೇ ಕಿಸಾನ್ ಕಾಲ್ ಸೆಂಟರಿನ 1800-180-1551ಕ್ಕೆ ಕರೆ ಮಾಡಿ ಕನ್ನಡದಲ್ಲೇ ಕೇಳಿ.

ಡ್ರೋನಿನಲ್ಲಿ ಎಕರೆಗೆ ಹತ್ತು ಲೀಟರ್ ದ್ರಾವಣ, ಹತ್ತು ನಿಮಿಷದ ಕೆಲಸ ಎನ್ನುವುದು ಸರಿಯೇ. ಆದರೆ ತೆಂಗಿನ ಸಾಲು, ವಿದ್ಯುತ್ ತಂತಿ, ಪಕ್ಕದಲ್ಲೇ ಬಾವಿ ಇರುವ ಇಪ್ಪತ್ತು ಸೆಂಟ್ಸ್‌ಗೆ ಅದನ್ನು ಕರೆಯುವುದು ದುಂದು. ಬೈಲಿನವರೆಲ್ಲ ಒಂದೇ ದಿನ ಒಪ್ಪಿ ಹತ್ತೆಕರೆ ಒಟ್ಟಿಗೆ ಸಿಗುವುದಾದರೆ ಮಾತ್ರ ಯೋಚಿಸಿ.

ಕೊಯ್ಲು ಮತ್ತು ತೇವಾಂಶ

ಕಟಾವು ಯಂತ್ರದ ಬಾಡಿಗೆ ಗಂಟೆಯ ಲೆಕ್ಕ. ಸಣ್ಣ ಗದ್ದೆಗಳಲ್ಲಿ ಕೊಯ್ಯುವುದಕ್ಕಿಂತ ತಿರುಗುವುದಕ್ಕೇ ಸಮಯ ಹೋಗುತ್ತದೆ. ಯಂತ್ರದ ಗಂಟೆ ಮೀಟರಿನ ಫೋಟೊವನ್ನು ಗದ್ದೆಗೆ ಇಳಿಯುವಾಗ ಒಮ್ಮೆ, ಹತ್ತುವಾಗ ಒಮ್ಮೆ ತೆಗೆದರೆ ಜಗಳ ಇಲ್ಲ. ಗದ್ದೆಯ ಹೆಸರು, ಸೆಂಟ್ಸ್, ತಳಿ, ಗಂಟೆ, ಚೀಲ, ತೂಕ, ತೇವಾಂಶ ಎಂಬ ಏಳು ಕಾಲಂ ಇರುವ ಒಂದು ಶೀಟ್ ಫೋನಿನಲ್ಲಿ ಇಟ್ಟರೆ ಎರಡು ವರ್ಷದಲ್ಲಿ ಯಾವ ಗದ್ದೆಗೆ ಎಂಓ-4 ಒಗ್ಗುತ್ತದೆ, ಯಾವುದಕ್ಕೆ ನೆರೆ ತಾಳುವ ಸಹ್ಯಾದ್ರಿ ಪಂಚಮುಖಿ ಬೇಕು ಎಂಬುದು ತಾನಾಗಿ ಕಾಣುತ್ತದೆ.

ಈಗ ಇಡೀ ಬೆಳೆಯ ಅತಿ ಮುಖ್ಯ ಅಂಕಿ: ತೇವಾಂಶ. ಯಂತ್ರದಿಂದ ಇಳಿದ ಭತ್ತದಲ್ಲಿ ಶೇ. 20ರಿಂದ 24 ನೀರು ಇರುವುದು ಸಾಮಾನ್ಯ. ಬೆಂಬಲ ಬೆಲೆಯ ಖರೀದಿಗೆ ಮಿತಿ ಶೇ. 17. ತಿಂಗಳುಗಟ್ಟಲೆ ಇಡುವುದಾದರೆ ಶೇ. 14ಕ್ಕೆ ಇಳಿಯಬೇಕು, ಬೀಜಕ್ಕೆ ಶೇ. 13. ಹಸಿ ಭತ್ತವನ್ನು ಚೀಲದಲ್ಲಿ ಎರಡು ದಿನ ಬಿಟ್ಟರೆ ಒಳಗೆ ಬಿಸಿಯೇರಿ ಕಾಳು ಹಳದಿಯಾಗುತ್ತದೆ, ಕುಚ್ಚಲಕ್ಕಿ ಮಾಡಿದರೂ ವಾಸನೆ ಹೋಗದು.

ಒಣಗಿದರೆ ತೂಕ ಎಷ್ಟು ಇಳಿಯುತ್ತದೆ ಎಂಬ ಲೆಕ್ಕ ಫೋನಿನ ಕ್ಯಾಲ್ಕುಲೇಟರಿನಲ್ಲೇ ಆಗುತ್ತದೆ. ಈಗಿನ ತೂಕವನ್ನು (100 − ಈಗಿನ ತೇವಾಂಶ)ದಿಂದ ಗುಣಿಸಿ, (100 − ಬೇಕಾದ ತೇವಾಂಶ)ದಿಂದ ಭಾಗಿಸಿ. ಶೇ. 22ರ 1000 ಕೆ.ಜಿ. ಭತ್ತ ಶೇ. 17ಕ್ಕೆ ಬಂದಾಗ 940 ಕೆ.ಜಿ., ಶೇ. 14ಕ್ಕೆ ಬಂದಾಗ 907 ಕೆ.ಜಿ. ಗದ್ದೆಯ ಬದಿಯಲ್ಲೇ ಹಸಿ ಭತ್ತ ಕೇಳುವ ವ್ಯಾಪಾರಿ ಹೇಳಿದ ದರವನ್ನು ಬೆಂಬಲ ಬೆಲೆಗೆ ಹೋಲಿಸುವಾಗ ಈ ಶೇ. 6 ಇಳಿಕೆ, ಒಣಗಿಸುವ ಕೂಲಿ, ಸಾಗಾಟ ಮೂರನ್ನೂ ಕಳೆದು ನೋಡಿ. ಅಂತರ ಕೆಲವೊಮ್ಮೆ ಅಂದುಕೊಂಡಷ್ಟು ಇರುವುದಿಲ್ಲ.

ತೇವಾಂಶ ಮಾಪಕವನ್ನು ಮನೆಗೊಂದು ಕೊಳ್ಳಬೇಕಿಲ್ಲ. ಸ್ವಸಹಾಯ ಸಂಘವೋ ಹಾಲಿನ ಸೊಸೈಟಿಯೋ ಒಂದನ್ನು ಇಟ್ಟರೆ ಊರಿಗೆ ಸಾಕು. ಅದು ತಪ್ಪು ತೋರಿಸುವ ಕಾರಣಗಳು ಗೊತ್ತಿರಲಿ. ಮಾಪಕದಲ್ಲಿ ಭತ್ತ, ಅಕ್ಕಿ, ಕುಚ್ಚಲಕ್ಕಿಗೆ ಬೇರೆ ಬೇರೆ ಆಯ್ಕೆ ಇರುತ್ತದೆ, ಭತ್ತವನ್ನೇ ಆರಿಸಬೇಕು. ಬಿಸಿಲಿನಿಂದ ಎತ್ತಿದ ಕೂಡಲೇ ಅಳೆದರೆ ಹೊರಪದರ ಮಾತ್ರ ಒಣಗಿರುವುದರಿಂದ ಅಂಕಿ ಕಡಿಮೆ ಬರುತ್ತದೆ. ನೆರಳಲ್ಲಿ ರಾಶಿ ಹಾಕಿ, ಒಳಗಿನ ನೀರು ಹೊರಗೆ ಬಂದು ಸಮವಾಗಲು ರಾತ್ರಿಯಿಡೀ ಬಿಟ್ಟು ಬೆಳಿಗ್ಗೆ ಅಳೆಯಿರಿ. ಸಂಜೆ 16 ತೋರಿಸಿದ ರಾಶಿ ಬೆಳಿಗ್ಗೆ 18 ಆಗುವುದು ಹೀಗೆ, ಮಾಪಕದ ದೋಷವಲ್ಲ. ಬ್ಯಾಟರಿ ಇಳಿದಿದ್ದರೂ ಅಂಕಿ ಅಲುಗಾಡುತ್ತದೆ. ಚೀಲದ ಬಾಯಿಂದ ಒಂದು ಹಿಡಿ ತೆಗೆಯದೆ ಐದು ಚೀಲಗಳ ನಡುವಿನಿಂದ ತೆಗೆದು ಬೆರೆಸಿ, ಮೂರು ಸಲ ಅಳೆದು ಸರಾಸರಿ ಹಿಡಿಯಿರಿ.

ಮಾಪಕ ಸಿಗದಿದ್ದರೆ ಉಪ್ಪಿನ ಪರೀಕ್ಷೆ. ಚೆನ್ನಾಗಿ ಒಣಗಿದ ಪುಡಿಯುಪ್ಪು ಒಂದು ಹಿಡಿ, ಭತ್ತ ಮೂರು ಹಿಡಿ, ಒಣಗಿದ ಗಾಜಿನ ಬಾಟಲಿಗೆ ಹಾಕಿ ಒಂದು ನಿಮಿಷ ಕುಲುಕಿ ಹದಿನೈದು ನಿಮಿಷ ಇಡಿ. ಉಪ್ಪು ಬಾಟಲಿಯ ಗೋಡೆಗೆ ಅಂಟಿಕೊಂಡರೆ ತೇವ ಶೇ. 15ಕ್ಕಿಂತ ಹೆಚ್ಚು. ಮಳೆಗಾಲದಲ್ಲಿ ಡಬ್ಬಿಯ ಉಪ್ಪೇ ನೀರಾಗಿರುತ್ತದೆ, ಹುರಿದು ಆರಿಸಿ ಬಳಸಿ.

ಬೆಂಬಲ ಬೆಲೆಯ ಕೇಂದ್ರ

2025-26ಕ್ಕೆ ಕೇಂದ್ರ ಸರಕಾರ ನಿಗದಿ ಮಾಡಿದ್ದು ಸಾಮಾನ್ಯ ಭತ್ತಕ್ಕೆ ಕ್ವಿಂಟಲಿಗೆ 2369 ರೂಪಾಯಿ, ‘ಎ’ ದರ್ಜೆಗೆ 2389. ತೇವಾಂಶದ ಜೊತೆಗೆ ಕಲ್ಲು ಮಣ್ಣು ಶೇ. 1, ಹುಲ್ಲು ಕಸ ಶೇ. 1, ಬಣ್ಣಗೆಟ್ಟ, ಮೊಳೆತ, ಹುಳು ತಿಂದ ಕಾಳು ಶೇ. 5, ಜೊಳ್ಳು, ಬಲಿಯದ ಕಾಳು ಶೇ. 3 ಮೀರಬಾರದು. ಒಯ್ಯುವ ಮುನ್ನ ಒಂದು ಕೆ.ಜಿ. ತೆಗೆದು ಮೊರದಲ್ಲಿ ಗೇರಿ, ಬೇರೆ ಮಾಡಿ ತೂಗಿ ನೋಡಿ. ಲಾರಿ ಬಾಡಿಗೆ ಕೊಟ್ಟು ಹಿಂದೆ ತರುವುದಕ್ಕಿಂತ ಇದು ಅಗ್ಗ.

ನೋಂದಣಿಗೆ ಎಫ್‌ಐಡಿ ಸಾಕು, ಆದರೆ ಅದು ಸಮೀಕ್ಷೆಯ ಬೆಳೆಯನ್ನೇ ಎಳೆದುಕೊಳ್ಳುತ್ತದೆ. ದುಡಿದು ಸವೆದ ಬೆರಳಿನ ಗುರುತು ಯಂತ್ರಕ್ಕೆ ಸಿಗದಿದ್ದರೆ ಒದ್ದೆ ಬಟ್ಟೆಯಲ್ಲಿ ಒರೆಸಿ ಬೇರೆ ಬೆರಳಿಟ್ಟು ನೋಡಿ, ಆಮೇಲೆ ಒಟಿಪಿ. ಏಣೇಲು ಕೊಯ್ಲು ಹೆಚ್ಚಾಗಿ ಅಕ್ಟೋಬರಿನಲ್ಲೇ ಮುಗಿಯುತ್ತದೆ. ಖರೀದಿ ಕೇಂದ್ರ ಶುರುವಾಗುವುದು ತಡವಾದರೆ ಅಷ್ಟು ದಿನ ಭತ್ತ ಕಾಪಾಡುವ ಜಾಗ ಮನೆಯಲ್ಲಿರಬೇಕು. ಜಾಗವಿಲ್ಲದವರು ಬಂದ ಬೆಲೆಗೆ ಕೊಟ್ಟು ಕೈತೊಳೆಯುವುದು ಇದರಿಂದಲೇ.

ಈ ದಿನಗಳಲ್ಲೇ ‘ಪಿಎಂ ಕಿಸಾನ್ ಪಟ್ಟಿ’, ‘ಬೆಳೆ ಪರಿಹಾರ ಪಟ್ಟಿ’ ಎಂಬ ಹೆಸರಿನಲ್ಲಿ ವಾಟ್ಸ್‌ಆ್ಯಪ್‌ಗೆ ಎಪಿಕೆ (ಫೋನಿಗೆ ಆ್ಯಪ್ ಹಾಕುವ) ಫೈಲುಗಳು ಬರುತ್ತವೆ. ಒತ್ತಿದರೆ ಫೋನು ಅವರ ಕೈಗೆ. ಸರಕಾರಿ ಪಟ್ಟಿ ಯಾವತ್ತೂ ಎಪಿಕೆ ಆಗಿ ಬರುವುದಿಲ್ಲ. ಒತ್ತಿಬಿಟ್ಟಿದ್ದರೆ ತಕ್ಷಣ ಇಂಟರ್‌ನೆಟ್ ಕಡಿದು, ಬೇರೆ ಫೋನಿನಿಂದ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೂ ಬ್ಯಾಂಕಿಗೂ ಕರೆ ಮಾಡಿ.

ಮಾರುವ ಮುನ್ನ ಮನೆಯ ಲೆಕ್ಕ, ಆಮೇಲೆ ಕಣಜ

ತಿಂಗಳಿಗೆ 30 ಕೆ.ಜಿ. ಅಕ್ಕಿ ಬೇಯುವ ಮನೆಗೆ ವರ್ಷಕ್ಕೆ 360 ಕೆ.ಜಿ. ಬೇಕು. ಕುಚ್ಚಲಕ್ಕಿಗೆ ಸರಕಾರಿ ಲೆಕ್ಕದ ಇಳುವರಿ ಶೇ. 68, ಅಂದರೆ ಸುಮಾರು 530 ಕೆ.ಜಿ. ಒಣ ಭತ್ತ ಮನೆಗೆಂದು ಇಟ್ಟು ಉಳಿದದ್ದನ್ನು ಮಾರಬೇಕು. ಸಣ್ಣ ಮಿಲ್ಲುಗಳಲ್ಲಿ ನುಚ್ಚು ಹೆಚ್ಚು ಹೋಗುವುದಾದರೆ 580 ಹಿಡಿಯಿರಿ. ಬೀಜಕ್ಕೆ ಬೇಕಾದ್ದು ಇದರ ಹೊರಗೆ.

ಇಲ್ಲಿಯ ಮಳೆಗಾಲದ ಗಾಳಿಯಲ್ಲಿ ತೇವಾಂಶ ಶೇ. 80ರ ಮೇಲೆಯೇ ಇರುತ್ತದೆ. ಶೇ. 13ಕ್ಕೆ ಒಣಗಿಸಿದ ಭತ್ತವನ್ನೂ ಗೋಣಿಯಲ್ಲಿ ತೆರೆದಿಟ್ಟರೆ ಜುಲೈ ಹೊತ್ತಿಗೆ ಅದು ಗಾಳಿಯ ನೀರು ಕುಡಿದು 15 ದಾಟುತ್ತದೆ. ಬೈಹುಲ್ಲಿನ ಮುಡಿ ಬಿಗಿದು ಅಟ್ಟದ ಮೇಲೆ, ಒಲೆಯ ಹೊಗೆ ತಾಗುವಲ್ಲಿ ಇಡುತ್ತಿದ್ದದ್ದು ಸುಮ್ಮನೆ ಅಲ್ಲ. ಹೊಗೆಯಿಲ್ಲದ ಈಗಿನ ಮನೆಗೆ ಗಾಳಿಯಾಡದ ಒಳಚೀಲ, ಇಲ್ಲವೇ ಮುಚ್ಚಳ ಬಿಗಿಯುವ ಡ್ರಮ್ಮು ಸರಿ. ಗೋಡೆಗೆ ತಾಗದಂತೆ, ನೆಲದಿಂದ ಮರದ ಹಲಗೆಯ ಮೇಲೆ ಇಡಿ.

ಒಳಗೆ ಏನಾಗುತ್ತಿದೆ ಎಂದು ತಿಳಿಯಲು ಕೆಲವು ನೂರು ರೂಪಾಯಿಯ ಗಾಳಿಯ ತೇವ, ಉಷ್ಣತೆ ತೋರಿಸುವ ಡಿಜಿಟಲ್ ಮಾಪಕ ಸಾಕು. ಬ್ಲೂಟೂತ್ ಇರುವುದಾದರೆ ಡ್ರಮ್ಮು ತೆರೆಯದೆ ಫೋನಿನಲ್ಲೇ ಓದಬಹುದು, ಆದರೆ ತಗಡಿನ ಡ್ರಮ್ಮಿನ ಒಳಗಿನಿಂದ ಸಿಗ್ನಲ್ ಹೊರಗೆ ಬರುವುದಿಲ್ಲ, ಪ್ಲಾಸ್ಟಿಕ್‌ನದ್ದೇ ಬೇಕು. ಅದನ್ನು ತೆಳು ಬಟ್ಟೆಯಲ್ಲಿ ಕಟ್ಟಿ ಭತ್ತದ ನಡುವೆ ಹುಗಿದು ಒಂದು ದಿನ ಬಿಡಿ. ಕಾಳುಗಳ ನಡುವಿನ ಗಾಳಿಯಲ್ಲಿ ಶೇ. 65ಕ್ಕಿಂತ ಕಡಿಮೆ ತೋರಿಸಿದರೆ ನಿಶ್ಚಿಂತೆ. 70 ದಾಟಿದರೆ ಬೂಸ್ಟಿನ ಹಾದಿ, ಬಿಸಿಲು ಸಿಕ್ಕ ದಿನವೇ ತೆಗೆದು ಹರಡಬೇಕು. ತೇವಾಂಶ ಏರದೆ ಉಷ್ಣತೆ ಮಾತ್ರ ಹೊರಗಿಗಿಂತ ಎರಡು ಮೂರು ಡಿಗ್ರಿ ಹೆಚ್ಚಾಗಿ ನಿಂತರೆ ಹುಳು ಎದ್ದಿದೆ ಎಂದು ತಿಳಿಯಿರಿ.

ಬೀಜದ ಡ್ರಮ್ಮನ್ನು ಮೇ ಮೊದಲ ವಾರದಲ್ಲಿ ತೆರೆದು ನೂರು ಕಾಳು ಎಣಿಸಿ, ಒದ್ದೆ ಬಟ್ಟೆಯಲ್ಲಿ ಸುತ್ತಿ ಇಡಿ. ಒಂದು ವಾರದಲ್ಲಿ 80 ಮೊಳೆತರೆ ಅದನ್ನೇ ಬಿತ್ತಿ. 60 ಮೊಳೆತರೆ ಬಿತ್ತನೆಯ ಪ್ರಮಾಣವನ್ನು ಮೂರನೇ ಒಂದರಷ್ಟು ಹೆಚ್ಚಿಸಬೇಕು. ಅದಕ್ಕೂ ಕಡಿಮೆಯಾದರೆ ಎಫ್‌ಐಡಿ ಹಿಡಿದು ರೈತ ಸಂಪರ್ಕ ಕೇಂದ್ರದಿಂದ ಬೀಜ ತರುವುದು, ಹೋದಾಗ ಜಾಗದ ಪಟ್ಟಿಯನ್ನೂ ಇನ್ನೊಮ್ಮೆ ನೋಡಿಕೊಂಡು ಬರುವುದು.